ಹೆಸರಿಲ್ಲದ ಅರ್ಜಿ

ಮೂರನೇ ಪಿರಿಯಡ್ ನಡೆಯುತ್ತಿರುವಾಗ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಯಾವುದೋ ಮಾಹಿತಿಯನ್ನು ಆನ್‌ಲೈನಿಗೆ ಹಾಕುವ ಕೆಲಸ ಇರಬೇಕು ಅಂದುಕೊಂಡು ಹೋದೆ. ಅವರು ಬಾಗಿಲು ಮುಂದೆ ಮಾಡಿ, ಮೇಜಿನ ಮೇಲಿದ್ದ ಒಂದು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು.

"ಮೇಲಿಂದ ಬಂದಿದೆ ಮೇಡಂ. ಓದಿ. ಫೋಟೋ ಮಾತ್ರ ತೆಗೀಬೇಡಿ."

ಅದು ನನ್ನ ಮೇಲಿನ ದೂರು. ಟೈಪ್ ಮಾಡಿಸಿದ್ದು, ಸಹಿ ಇಲ್ಲ, ಕೆಳಗೆ 'ನೊಂದ ಗ್ರಾಮಸ್ಥರು' ಎಂದಷ್ಟೇ ಇತ್ತು. ನಾನು ಸರ್ಕಾರಿ ಸಂಬಳ ತೆಗೆದುಕೊಂಡು ಊರಿನವರನ್ನು ನನ್ನ ಧರ್ಮಕ್ಕೆ ಸೆಳೆಯುತ್ತಿದ್ದೇನಂತೆ. ಹಾಸಿಗೆ ಹಿಡಿದ ಒಬ್ಬ ಮುದುಕಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆನಂತೆ. ಲೇಬಲ್ ಇಲ್ಲದ ಬಾಟಲಿಯಲ್ಲಿ ಏನೋ ಮಂತ್ರಿಸಿದ ಎಣ್ಣೆ ಕೊಟ್ಟೆನಂತೆ.

ಬಾಟಲಿಯ ಮಾತನ್ನು ಇನ್ನೊಮ್ಮೆ ಓದಿದೆ. ಆ ಬಾಟಲಿಗೆ ಲೇಬಲ್ ಇರಲಿಲ್ಲ ಎನ್ನುವುದು ನಿಜ. ಅದನ್ನು ನಾನು ಕೊಟ್ಟಾಗ ಆ ಕೋಣೆಯಲ್ಲಿದ್ದವರು ಮೂವರು: ನಾನು, ಆ ಮುದುಕಿ, ಮತ್ತು ಮುದುಕಿಯ ಸೊಸೆ. ಆ ಸೊಸೆ ನನ್ನ ಗೆಳತಿ.

ನನ್ನ ಅಜ್ಜ ಉಮ್ಮತ್ತೂರಿನವರು, ಕೂಲಿ ಮಾಡಿಕೊಂಡಿದ್ದವರು. ಊರಾಚೆಯ ಕೇರಿಯಿಂದ ಚಾಮರಾಜನಗರಕ್ಕೆ ಬಂದು, ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಅಲ್ಲೇ ಕ್ರೈಸ್ತರಾದರು. ನಾನು ಹುಟ್ಟುವ ಹೊತ್ತಿಗೆ ನಮ್ಮ ಮನೆಯಲ್ಲಿ ಯೇಸುವಿನ ಪಟ ಹಳೆಯದಾಗಿ ಬಣ್ಣ ಮಾಸಿತ್ತು. ಓದಿ, ಸರ್ಕಾರಿ ಶಾಲೆಯ ಕನ್ನಡ ಟೀಚರಾಗಿ, ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ಹದಿನಾಲ್ಕು ವರ್ಷಗಳಿಂದ ಭೀಮನಬೀಡಿನ ಶಾಲೆಯಲ್ಲಿದ್ದೇನೆ. ಗೆಳತಿ ಅದೇ ಊರಿನ ಜಮೀನ್ದಾರ ಮನೆಯ ಸೊಸೆ. ಶಾಲೆಯ ಪಕ್ಕದಲ್ಲೇ ಇರುವ ಅಂಗನವಾಡಿಯ ಟೀಚರು. ಮಧ್ಯಾಹ್ನದ ಊಟ ನಾವು ಅಂಗನವಾಡಿಯ ಜಗಲಿಯ ಮೇಲೆ ಕೂತು ಹಂಚಿಕೊಂಡು ಉಣ್ಣುವುದು. ನನ್ನ ಚಪಾತಿ ಅವಳಿಗೆ, ಅವಳ ಮುದ್ದೆ ಉಪ್ಸಾರು ನನಗೆ. ನನಗೆ ಗರ್ಭಪಾತವಾದಾಗ ಬಸ್ಸು ಹತ್ತಿ ಬಂದು ನಾಲ್ಕು ದಿನ ನನ್ನ ಮನೆಯಲ್ಲಿ ಅಡುಗೆ ಮಾಡಿದವಳು ಅವಳು.

ಆ ಎಣ್ಣೆಯ ಕತೆ ಇಷ್ಟೇ. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ನೋಡಿ ಬರೋಣ ಅಂತ ಹೋದ ಒಂದು ಮಧ್ಯಾಹ್ನ ಅವರು ನನ್ನ ಕೈ ಹಿಡಿದು ಬಿಡಲೇ ಇಲ್ಲ.

"ಟೀಚ್ರವ್ವ, ವಾರಾಯ್ತು, ಕಣ್ಗೆ ನಿದ್ದೆ ಅತ್ತಿಲ್ಲ. ನಿಮ್ ದೇವ್ರನ್ನ ಒಸಿ ಕೇಳವ್ವ."

ನಾನು ಗೆಳತಿಯ ಮುಖ ನೋಡಿದೆ. "ಕೇಳ್ಬುಡಮ್ಮಿ," ಅಂದಳು. "ಅತ್ತೆ ನಿದ್ದೆ ಮಾಡುದ್ರೆ ಮನೇಲಿ ಎಲ್ರೂ ಮಲಗ್ಬೋದು."

ಅವರ ಹಣೆ ಮುಟ್ಟಿ, ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥನೆ ಮಾಡಿದೆ. ಮಾರನೇ ದಿನ ಗೆಳತಿಯೇ ನೋವಿಗೆ ಏನಾದರೂ ಎಣ್ಣೆ ಇದ್ದರೆ ತಾ ಅಂದಳು. ನಮ್ಮ ಮನೆಯಲ್ಲಿ ಅರ್ಧ ಉಳಿದಿದ್ದ ಮಂಡಿನೋವಿನ ಎಣ್ಣೆಯನ್ನು ಲೇಬಲ್ ಕಿತ್ತುಹೋಗಿದ್ದ ಕೆಮ್ಮಿನ ಔಷಧಿಯ ಖಾಲಿ ಬಾಟಲಿಗೆ ಬಗ್ಗಿಸಿ ಒಯ್ದು ಕೊಟ್ಟೆ. ಅಷ್ಟೇ.

ಅರ್ಜಿ ಓದಿದ ದಿನ ನಾನು ಜಗಲಿಗೆ ಊಟಕ್ಕೆ ಹೋಗಲಿಲ್ಲ. ತಲೆನೋವು ಅಂತ ಹೇಳಿ ಕಳಿಸಿದೆ. ಅವಳೇ ತಟ್ಟೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. "ಯಾಕಮ್ಮಿ, ಮಕ ಇಂಗದೆ?" ಅಂದಳು. ಏನಿಲ್ಲ ಅಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಯಾವತ್ತೂ ನಾನು ಹೇಳುವವರೆಗೂ ಬಿಡದವಳು ಅವತ್ತು ತಟ್ಟೆ ಇಟ್ಟು, ಕಣ್ಣು ತಪ್ಪಿಸಿ ಹೊರಟುಹೋದಳು. ಇವಳಿಗೆ ಗೊತ್ತಿದೆ ಅಂತ ನನಗೆ ಆ ಕ್ಷಣವೇ ಅನ್ನಿಸಿತು.

ಅನುಮಾನ ಒಮ್ಮೆ ಹೊಕ್ಕ ಮೇಲೆ ನಾನು ನಾನಾಗಿ ಉಳಿಯಲಿಲ್ಲ. ಅರ್ಜಿಯಲ್ಲಿ ಪ್ರಾರ್ಥನೆ ಅನ್ನುವ ಪದ ಅರ್ಕಾವೊತ್ತಿಲ್ಲದೆ 'ಪ್ರಾಥನೆ' ಎಂದು ಅಚ್ಚಾಗಿತ್ತು. ಕನ್ನಡದ ಟೀಚರಲ್ಲವೆ, ಅದು ಕಣ್ಣಿಗೆ ಚುಚ್ಚಿತ್ತು. ಗೆಳತಿಗೆ ಅರ್ಕಾವೊತ್ತು ಮರೆಯುವ ಅಭ್ಯಾಸವಿತ್ತು. ಎರಡು ದಿನ ಬಿಟ್ಟು, ಅವಳು ಮಕ್ಕಳ ಕೈ ತೊಳೆಸಲು ಹಿಂದಕ್ಕೆ ಹೋಗಿದ್ದಾಗ ನಾನು ಅಂಗನವಾಡಿಯೊಳಗೆ ನುಗ್ಗಿ ಅವಳ ರಿಜಿಸ್ಟರು ತೆರೆದೆ. ಗರ್ಭಿಣಿಯರ ಪಟ್ಟಿಯನ್ನು ಬೆರಳಿಟ್ಟು ಓದಿದೆ. ಒಂದು ಪುಟದಲ್ಲಿ 'ಗಭಿಣಿ', ಮುಂದಿನ ಪುಟದಲ್ಲಿ ಸರಿಯಾಗಿ 'ಗರ್ಭಿಣಿ'. ನನ್ನ ಶಾಲೆಯ ಅರ್ಧ ಮಕ್ಕಳು ಇದೇ ತಪ್ಪು ಮಾಡುತ್ತಾರೆ. ಆದರೆ ನನಗೆ ಬೇಕಾಗಿದ್ದದ್ದು ಸಿಕ್ಕಿಬಿಟ್ಟಿತು.

"ಏನುಡುಕ್ತಿದ್ದೀಯಮ್ಮಿ?"

ಅವಳು ಬಾಗಿಲಲ್ಲಿ ನಿಂತಿದ್ದಳು.

"ಪೆನ್ನು," ಅಂದೆ.

ಅವಳು ತನ್ನ ಜಡೆಗೆ ಸಿಕ್ಕಿಸಿಕೊಂಡಿದ್ದ ಪೆನ್ನನ್ನು ತೆಗೆದು ಕೊಟ್ಟಳು.

ಆಮೇಲೆ ಹದಿನಾಲ್ಕು ವರ್ಷದ ನೆನಪುಗಳನ್ನು ಒಂದೊಂದಾಗಿ ತೆಗೆದು ತಿರುವಿ ನೋಡತೊಡಗಿದೆ. ಅವಳ ಮನೆಯಲ್ಲಿ ನನಗೆ ಕಾಫಿ ಕೊಡುತ್ತಿದ್ದ ಲೋಟ ನೆನಪಾಯಿತು. ಅಂಚು ಸೊಟ್ಟಗಾದ ಸ್ಟೀಲ್ ಲೋಟ. ಯಾವತ್ತೂ ಅದೇ. ಅದು ಅಡುಗೆಮನೆಯ ಸ್ಟ್ಯಾಂಡಿನಿಂದ ಬರುತ್ತಿರಲಿಲ್ಲ, ಹಜಾರದ ಗೂಡಿನಿಂದ ಬರುತ್ತಿತ್ತು. ಇಷ್ಟು ವರ್ಷ ನಾನು ಅದನ್ನು ನೋಡಿಯೂ ನೋಡದಂತೆ ಇದ್ದೆ. ಮನೆ ಬೇರೆ, ಮತ ಬೇರೆ ಆಗಿ ಎರಡು ತಲೆಮಾರಾದರೂ ನನ್ನ ಅಜ್ಜನ ಕೇರಿ ನನ್ನ ಜೊತೆಗೇ ಬಸ್ಸು ಹತ್ತಿ ಬರುತ್ತಿತ್ತು ಅಂತ ಈಗ ಅನ್ನಿಸಿತು.

ಭಾನುವಾರ ಚರ್ಚಿನಲ್ಲಿ ಹಿರಿಯರೊಬ್ಬರಿಗೆ ವಿಷಯ ಹೇಳಿದೆ. ಸಮಾಧಾನ ಸಿಗಬಹುದು ಅಂದುಕೊಂಡಿದ್ದೆ. ಅವರು ತಲೆಯಾಡಿಸಿ, "ಅವರನ್ನೆಲ್ಲ ಅಷ್ಟು ಹಚ್ಚಿಕೊಳ್ಳಬೇಡಮ್ಮ ಅಂತ ನಾನು ಮೊದಲೇ ಹೇಳಿರಲಿಲ್ಲವಾ?" ಅಂದರು. ಅವರ ಮಾತಿನ 'ಅವರು', ಅರ್ಜಿಯಲ್ಲಿ ನಮ್ಮಂಥವರನ್ನು 'ಇವರು' ಎಂದು ಕರೆದಿದ್ದ ಹಾಗೇ ಇತ್ತು. ಇದೇ ಹಿರಿಯರು ತಮ್ಮ ಮಗನಿಗೆ ಹೆಣ್ಣು ಹುಡುಕುವಾಗ ನಮ್ಮ ಸಭೆಯ ಹುಡುಗಿಯರನ್ನು ಬಿಟ್ಟು, ಕ್ರೈಸ್ತರಾಗುವ ಮೊದಲು ತಮ್ಮದೇ ಜಾತಿಯಾಗಿದ್ದ ಮನೆಯನ್ನೇ ಹುಡುಕಿಕೊಂಡು ಮೈಸೂರಿನವರೆಗೂ ಹೋಗಿದ್ದರು. ಆದರೂ ಅವತ್ತು ಅವರ ಮಾತು ನನಗೆ ಹಿತವಾಯಿತು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

"ಇಷ್ಟೆಲ್ಲ ಒದ್ದಾಡೋ ಬದಲು ಅವಳನ್ನೇ ಕೇಳಿಬಿಡು," ಅಂದರು ನನ್ನ ಗಂಡ. ನಾನು ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾಳೆ, ಆ ಇಲ್ಲವನ್ನು ನಾನು ನಂಬುವುದಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮಕ್ಕಳ ತಾಯಂದಿರನ್ನು ಕರೆಸಿ ಕೇಳಿದರು. ತರಗತಿಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಾರಾ, ಪುಸ್ತಕ ಹಂಚುತ್ತಾರಾ. ಎಲ್ಲರೂ ಇಲ್ಲ ಅಂದರು. ಆದರೆ ಒಬ್ಬಳು ಇಲ್ಲ ಅನ್ನುತ್ತಲೇ ತನ್ನ ಮಗಳನ್ನು ಸೆರಗಿನ ಹತ್ತಿರಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಕೊನೆಗೆ ಅಧಿಕಾರಿ, ಹೆಡ್‌ಮಾಸ್ಟರು, ನಾನು ಗೆಳತಿಯ ಮನೆಗೆ ಹೋದೆವು.

ಮುದುಕಿ ದಿಂಬಿಗೆ ಒರಗಿ ಕೂತಿದ್ದರು. ಅಧಿಕಾರಿ ಕೇಳುವ ಮೊದಲೇ ಶುರು ಮಾಡಿದರು.

"ಸಾಮಿ, ನಾನೇ ಕೈ ಇಡ್ಕಂಡು ಕೇಳ್ದೆ. ಅವ್ವ ನಿದ್ದೆ ಬರ್ಸುದ್ಲು. ತಪ್ಪಾ?"

"ಎಣ್ಣೆ ಕೊಟ್ಟರಂತಲ್ಲ?"

ಗೆಳತಿ ಒಳಗಿಂದ ಬಾಟಲಿ ತಂದು ಅವರ ಕೈಗೇ ಕೊಟ್ಟಳು. "ನಾನೇ ತರ್ಸುದ್ದು ಸಾರ್. ಮೂಸ್ ನೋಡಿ." ಅವರು ಮುಚ್ಚಳ ತೆಗೆದು ಮೂಸಿ, ಕರ್ಪೂರದ ಘಾಟಿಗೆ ಸೀನಿದರು. ಹೆಡ್‌ಮಾಸ್ಟರು ನಗಲೋ ಬೇಡವೋ ಅಂತ ನನ್ನ ಕಡೆ ನೋಡಿದರು.

ಆಮೇಲೆ ಅಧಿಕಾರಿ ನನ್ನ ಕಡೆ ತಿರುಗಿದರು. "ನೇರವಾಗಿ ಕೇಳ್ತೀನಿ ಮೇಡಂ. ಈ ಅಜ್ಜಿ ನಿಮ್ಮ ಧರ್ಮಕ್ಕೆ ಬರಲಿ ಅಂತ ನಿಮ್ಮ ಮನಸ್ಸಲ್ಲಿತ್ತಾ?"

"ಇಲ್ಲ ಸಾರ್," ಅಂದೆ.

ಬರೆದುಕೊಂಡು ಅವರು ಹೊರಟರು. ಅರ್ಜಿಯಲ್ಲಿ ಹುರುಳಿಲ್ಲ ಎಂದೇ ವರದಿ ಹೋಯಿತು, ಊರಿನವರ ಮನೆಗಳಲ್ಲಿ ಇನ್ನು ಮುಂದೆ ಪ್ರಾರ್ಥನೆ ಮಾಡಬಾರದೆಂದು ನನಗೆ ಬಾಯಿಮಾತಿನ ಎಚ್ಚರಿಕೆಯೂ ಆಯಿತು. ಅವರು ಹೋದ ಮೇಲೆ ಹೆಡ್‌ಮಾಸ್ಟರೂ ಶಾಲೆಗೆ ನಡೆದರು. ನಾನು ಹೊರಡಲು ಎದ್ದೆ. ಗೆಳತಿ ಬಾಗಿಲಿಗೆ ಅಡ್ಡ ನಿಂತಳು.

"ಕೂತ್ಕ. ಅವತ್ತು ನನ್ ರಿಜಿಸ್ಟರ್ ನೋಡ್ತಿದ್ದುದ್ದು ಇದ್ಕೇ ಅಲ್ವಾ? ಇವ್ಳೇ ಬರ್ದವ್ಳೆ ಅಂತ ನೀನು ಅಂದ್ಕಂಡಿದ್ದೆ."

ಸುಳ್ಳು ಹೇಳಲು ಈ ಸಲ ಏನೂ ಹೊಳೆಯಲಿಲ್ಲ. ಹೌದು ಅಂದೆ.

"ನಾನ್ ಬರೀನಿಲ್ಲ." ಅವಳು ನೆಲದ ಮೇಲೆ ಕೂತಳು. "ಬರ್ಸುದ್ದು ಯಾರು ಅಂತ ಗೊತ್ತಿತ್ತು."

ಅವಳ ಗಂಡನ ಅಣ್ಣ. ಅದೇ ಬೀದಿಯ ಕೊನೆಯ ಮನೆ. ಮುದುಕಿಯ ಹೆಸರಿನಲ್ಲಿ ಬಾವಿ ಪಕ್ಕದ ಒಂದು ತುಂಡು ಜಮೀನಿತ್ತು. ತಾಯಿ ತಮ್ಮನ ಮನೆಯಲ್ಲಿದ್ದರೆ ಅದು ತಮ್ಮನಿಗೇ ಹೋಗುತ್ತದೆ ಎಂಬ ಭಯ ಅವನಿಗೆ. ತಾಯಿಯನ್ನು ನೋಡಲು ಬಂದಾಗ ಬಾಟಲಿ ಕಂಡಿದ್ದ. ಮುದುಕಿಯೇ ಖುಷಿಯಿಂದ ನಿದ್ದೆಯ ಕತೆ ಹೇಳಿದ್ದರು. ತಮ್ಮನ ಮನೆಯವರು ಅವ್ವನನ್ನು ಯಾರ್‍ಯಾರ ಕೈಗೋ ಕೊಟ್ಟಿದ್ದಾರೆ ಎಂದು ಊರಿನ ಮುಂದೆ ತೋರಿಸಿ, ತನ್ನ ಮನೆಗೆ ಕರೆದೊಯ್ಯುವ ಲೆಕ್ಕ ಅವನದು. ನಾನು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಈ ಕಾಲದಲ್ಲಿ ನನ್ನಂಥವಳ ಮೇಲೆ ಬರೆದರೆ ಓದುವವರು ಬೇಗ ನಂಬುತ್ತಾರೆ ಎಂಬುದೊಂದು ಅವನಿಗೆ ಗೊತ್ತಿತ್ತು.

"ಮೊದ್ಲೇ ಯಾಕೆ ಹೇಳಲಿಲ್ಲ?" ಅಂದೆ.

"ಮನೆ ಮಾನ ಕಣಮ್ಮಿ. ಭಾವನ ಎಸ್ರು ನನ್ ಬಾಯಿಂದ ಬಂದ್ರೆ ಈ ಮನೇಲಿ ನಂಗೆ ಉಳಿಗಾಲ ಅದಾ? ಇಚಾರ್ಣೆಲಿ ಎಣ್ಣೆ ಇಸ್ಯ ಯೋಳಿ ನಿನ್ನ ಉಳುಸ್ಕತ್ತೀನಿ ಅಂದ್ಕಂಡೆ."

ಹಾಗಾದರೆ ಅವಳ ಕಣ್ಣಲ್ಲಿ ನಾನು ಕಂಡದ್ದು ಸುಳ್ಳಾಗಿರಲಿಲ್ಲ. ಅವಳು ಮುಚ್ಚಿಟ್ಟಿದ್ದು ನಿಜ, ಮುಚ್ಚಿಟ್ಟದ್ದು ಏನು ಅನ್ನುವುದರಲ್ಲಿ ನಾನು ಎಡವಿದ್ದೆ. ಸಮಾಧಾನವಾಗುವ ಬದಲು ನನಗೆ ಸಿಟ್ಟು ಬಂತು.

"ಇನ್ನೇನೇನು ಮುಚ್ಚಿಟ್ಟಿದ್ದೀಯ? ಆ ಗೂಡಿನಲ್ಲಿರೋ ಲೋಟ ಯಾಕೆ ನನಗೊಬ್ಬಳಿಗೇ?"

ಅವಳು ಗೂಡಿನ ಕಡೆ ನೋಡಿದಳು. ಮಂಚದ ಮೇಲಿದ್ದ ಮುದುಕಿಯೂ ಗೋಡೆಯ ಕಡೆ ಮುಖ ತಿರುಗಿಸಿದರು.

"ಮದುವಾಗಿ ಬಂದಾಗ್ಲೇ ಅಲ್ಲಿತ್ತು. ಕೂಲಿಯೋರ್ಗೆ ಅಂತ. ನೀನು ಮೊದುಲ್ನೇ ದಿನ ಬಂದಾಗ ಅತ್ತೆ ಅದ್ರಲ್ಲೇ ಕೊಡು ಅಂದ್ರು. ಆಮೇಲೆ ಯಾರೂ ಯೋಳ್ನಿಲ್ಲ. ನಾನೇ ಕೊಟ್ಕಂಡ್ ಬಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಗಮನಿಸಿಲ್ಲ ಅಂದ್ಕಂಡಿದ್ದೆ."

ನಾನು ಎದ್ದು ಬಂದುಬಿಡಬೇಕಿತ್ತೇನೋ. ಬರಲಿಲ್ಲ. ಯಾಕೆಂದರೆ ಒಂದು ಮಾತು ನನ್ನ ಕಡೆಯಿಂದಲೂ ಬಾಕಿ ಇತ್ತು. ಅಧಿಕಾರಿಗೆ ಇಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಾಗಿರಲಿಲ್ಲ. ಹಣೆ ಮುಟ್ಟಿ ಕಣ್ಣು ಮುಚ್ಚಿದಾಗ ನಿದ್ದೆ ಕೊಡು ಎಂದು ಬಾಯಲ್ಲಿ ಕೇಳಿದ್ದೆ. ಮನಸ್ಸಿನೊಳಗೆ, ಈ ಮನೆಯವರು ನಿನ್ನನ್ನು ಕಾಣಲಿ ಸ್ವಾಮಿ, ಎಂದೂ ಕೇಳಿದ್ದೆ. ಆ ಕೋರಿಕೆಯಲ್ಲಿ ಎಷ್ಟು ಭಕ್ತಿಯಿತ್ತೋ, ನನ್ನನ್ನು ಆ ಲೋಟದಿಂದ ಬಿಡಿಸು ಅನ್ನುವ ಆಸೆ ಎಷ್ಟಿತ್ತೋ, ಇವತ್ತಿಗೂ ತಿಳಿಯದು. ಅದನ್ನು ಅವಳಿಗೆ ಹೇಳಿದೆ.

ಅವಳು ನನ್ನನ್ನೇ ನೋಡಿದಳು. "ಅಂಗಾದ್ರೆ ಭಾವ ಬರ್ಸುದ್ರಲ್ಲಿ ಒಸಿ ನಿಜ್ವೂ ಇತ್ತು ಅನ್ನು," ಅಂದಳು. ಅದರಲ್ಲಿ ನಗುವಿತ್ತೋ ಚುಚ್ಚು ಇತ್ತೋ ಗೊತ್ತಾಗಲಿಲ್ಲ.

ಅವತ್ತು ನಾವು ಅತ್ತು ತಬ್ಬಿಕೊಳ್ಳಲಿಲ್ಲ. ಎರಡು ತಿಂಗಳು ನಾನು ಸ್ಟಾಫ್ ರೂಮಿನಲ್ಲೇ ಉಂಡೆ. ಒಂದು ದಿನ ಅವಳು ಸಣ್ಣೀರುಳ್ಳಿ ಬಿಡಿಸುತ್ತ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ. ಆಗಿನಿಂದ ಮತ್ತೆ ಒಟ್ಟಿಗೆ ಉಣ್ಣುತ್ತೇವೆ. ಮೊದಲಿಗಿಂತ ಮಾತು ಕಡಿಮೆ, ಆದರೆ ಆಡಿದ ಮಾತನ್ನು ಮನೆಗೆ ಹೋಗಿ ತಿರುವಿ ನೋಡುವ ಚಟ ನನಗೆ ತಪ್ಪಿದೆ. ಅವಳ ವಿಷಯದಲ್ಲಿ ಮಾತ್ರ. ಮಿಕ್ಕ ಊರಿನ ವಿಷಯದಲ್ಲಿ ತಪ್ಪಿಲ್ಲ. ಬಸ್ಸಿನಲ್ಲಿ ಯಾರಾದರೂ ಫೋನು ಎತ್ತಿ ಹಿಡಿದರೆ ನನ್ನ ಕೈ ತಾನಾಗಿ ಕೊರಳಿನ ಶಿಲುಬೆಯನ್ನು ಸೆರಗಿನೊಳಗೆ ದೂಡುತ್ತದೆ.

ಅರ್ಜಿ ಬರೆಸಿದ ಆ ಅಣ್ಣನ ಮೊಮ್ಮಗಳು ಈ ವರ್ಷ ನನ್ನ ತರಗತಿಗೆ ಬಂದಿದ್ದಾಳೆ. ಪೋಷಕರ ಸಭೆಗೆ ಅವನೇ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಕೈ ಮುಗಿದು, "ನಮ್ ಮಗಿ ಎಂಗೋದ್ತದೆ ಮಿಸ್?" ಅಂದ. ಚೆನ್ನಾಗಿ ಓದುತ್ತಾಳೆ ಅಂದೆ. ಅದು ನಿಜವೇ. ಅವನು ಸಹಿ ಹಾಕುವಾಗ ಅವನ ಮುಖ ನೋಡಲಾರದೆ ನಾನು ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ.

ಭಾನುವಾರದ ಆರಾಧನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂದು ಎಲ್ಲರೂ ಒಟ್ಟಾಗಿ ಹೇಳುವ ಒಂದು ಸಾಲು ಬರುತ್ತದೆ. ಅದು ಬಂದಾಗ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ನನ್ನ ದನಿ ನಿಂತದ್ದು ಅಕ್ಕಪಕ್ಕದವರಿಗೆ ಗೊತ್ತಾಗುತ್ತಿರಬಹುದು. ದೇವರ ಮುಂದೆ ಇನ್ನೊಂದು ಅರೆಸತ್ಯ ನುಡಿಯಲು ನನಗೆ ಸದ್ಯಕ್ಕೆ ಧೈರ್ಯ ಬರುತ್ತಿಲ್ಲ.