ಕಪ್ಪು ಕೋಟಿನ ಕಾಲರ್

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಾನು ಇಳಿದುಕೊಂಡಿದ್ದ ಮನೆಯ ವಸುಧಾ ಆಂಟಿ ಬೆಳಿಗ್ಗೆ ಪಕ್ಕದ ಮನೆಗೆ ಕರೆದೊಯ್ದರು. ಅಲ್ಲಿಯವರ ಕಾರು ಕಾರ್ಖಾನೆಯ ಕೆಲಸ ಹೋಗಿ, ಸಾಲ ಕಟ್ಟಲಾಗದೆ ಆ ಮನೆ ಬ್ಯಾಂಕಿನ ಪಾಲಾಗಿತ್ತು; ಒಳಗಿನದೆಲ್ಲ ಮಾರಾಟಕ್ಕಿತ್ತು. ಮಲಗುವ ಕೋಣೆಯಲ್ಲಿ ಕಪ್ಪು ಕೋಟೊಂದು ತೂಗುತ್ತಿತ್ತು. ಬಂದ ಹೆಂಗಸರು ಅದರ ಕಾಲರ್ ಮಗುಚಿ, ಫ್ರಾನ್ಸಿನ ಪ್ರಸಿದ್ಧ ವಿನ್ಯಾಸಕಿಯ ಹೆಸರಿದೆಯೇ ಎಂದು ನೋಡುತ್ತಿದ್ದರು. ತೊಟ್ಟು ನೋಡಿದವರು ಒಬ್ಬರೂ ಇಲ್ಲ. ಮನೆಯಾಕೆ ಕಿಟಕಿಯ ಬಳಿ ನಿಂತಿದ್ದಳು; ಅವಳನ್ನು ಯಾರೂ ಮಾತಾಡಿಸಲಿಲ್ಲ.

“ಆ ಡಿಸೈನರ್ ಅನಾಥಾಶ್ರಮದಲ್ಲಿ ಹೊಲಿಗೆ ಕಲಿತೋಳಂತೆ. ಟೋಪಿ ಮಾರ್ತಾ ಮಾರ್ತಾ ಪ್ಯಾರಿಸ್ಸನ್ನೇ ಗೆದ್ಲಂತೆ. ಪಾಪ, ಈ ಮನೆಯವಳೇ ಹೇಳಿದ್ದು,” ಎಂದು ಆಂಟಿ ಪಿಸುಗುಟ್ಟಿದರು.

“ನೀವು ತಗೊಳ್ತೀರಾ?” ಎಂದೆ.

“ನಮ್ಮನೆಯವರಿಗೂ ಲೇಆಫ್ ಆಯ್ತಲ್ಲಪ್ಪ,” ಎನ್ನುತ್ತ ಅವರು ಮಗುಚಿದ್ದ ಕಾಲರನ್ನು ಸರಿಮಾಡಿದರು. “ನಾಳೆ ನನ್ನ ಧಾರೆ ಸೀರೇಲಿ ಯಾರ ಹೆಸರು ಹುಡುಕ್ತಾರೋ!”