ಸೂಜಿ, ದಬ್ಬಳ ಮತ್ತು ಒಂದು ವೀಳ್ಯದೆಲೆ

ಕಳೆದ ಭಾನುವಾರ ಬಬಲೇಶ್ವರದ ಒಂದು ಮನೆಯಲ್ಲಿ ಜಗಳ ಮಾಡಿ ಬಂದೆ. ಹೋದದ್ದು ಕೂಸು ನೋಡಲು! ಕೈಯಲ್ಲಿ ಬಾಣಂತಿಗೆಂದು ಅಳವಿ ಉಂಡಿಯ ಡಬ್ಬಿ, ಚೀಲದಲ್ಲಿ ಕೂಸಿನ ತಲೆಗೆ ಕುಂಚಿಗೆ. ಡಬ್ಬಿ ಕೆಳಗಿಡುವ ಮೊದಲೇ ಜಗಳ ಶುರು.

(ನಿವೃತ್ತಿಯಾದ ಮೇಲೆ ಸಿಟ್ಟು ಕಡಿಮೆಯಾಗುತ್ತದೆ ಎನ್ನುತ್ತಾರೆ. ಸುಳ್ಳು.)

ಕೂಸು ನನ್ನ ಹಳೆಯ ವಿದ್ಯಾರ್ಥಿನಿ ಶಿವಲೀಲಾಳದು. ಅದೇ ಊರಿನ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ತಿಕೋಟಾಕ್ಕೆ ಸೊಸೆಯಾಗಿ ಹೋಗಿದ್ದಳು, ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ.

ಕೂಸು ಹುಟ್ಟುವಾಗ ಬೆನ್ನಿನ ಕೆಳಭಾಗ ಪೂರ್ತಿ ಮುಚ್ಚಿರಲಿಲ್ಲ. ವಿಜಯಪುರದಲ್ಲಿ ಆಪರೇಷನ್ ಆಗಿದೆ. ಬೆನ್ನ ಮೇಲೆ ಪಟ್ಟಿ ಹಾಕಿಸಿಕೊಂಡು ಬೋರಲು ಮಲಗಿತ್ತು. ಹೆಣ್ಣು ಕೂಸು. ಹಾಲು ಕುಡಿಯುತ್ತದೆ, ಕಾಲು ಆಡಿಸುತ್ತದೆ. ಡಾಕ್ಟರು ಧೈರ್ಯ ಹೇಳಿದ್ದಾರೆ.

ಧೈರ್ಯ ಇಲ್ಲದವಳು ತಾಯಿ. ತಿಕೋಟಾದಿಂದ ಬಂದು ಪಕ್ಕದಲ್ಲೇ ಕುಳಿತಿದ್ದ ಅವಳ ಅತ್ತೆ ಗೌರವ್ವ ನನ್ನನ್ನು ನೋಡಿದ್ದೇ ತೀರ್ಪು ಓದಿದರು.

"ಗ್ರಹಣದ ದಿನ ಸೂಜಿ ಹಿಡದಾಳ್ರಿ ಅಕ್ಕಾರ. ಬ್ಯಾಡ ಬೇ ಅಂತ ಬಡಕೊಂಡೆ. ಜಂಪರಕ್ಕ ಹುಕ್ಕ ಹಚ್ಚಾಕ ಕುಂತಳು. ಕೂಸಿನ ಬೆನ್ನಾಗ ತೂತ ಬಿತ್ತು."

"ಯಾವಾಗ ಬಂದಿತ್ತು ಆ ಗ್ರಹಣ?"

"ಕುಬಸ ಮಾಡಿದಾಗ್ರಿ. ಬಸರಾಗಿ ಏಳನೇ ತಿಂಗಳದಾಗ."

ಮುಂದಿನದು ಕೇಳಿ. ತೊಟ್ಟಿಲಿಗೆ ಹಾಕುವ ದಿನ ಗಂಡನ ಮನೆಯವರು ಯಾರೂ ಬರುವುದಿಲ್ಲವಂತೆ. ಸೊಸೆಯನ್ನು ತಿಕೋಟಾಕ್ಕೆ ಕರೆದುಕೊಂಡೂ ಹೋಗುವುದಿಲ್ಲವಂತೆ. "ಇಲ್ಲೇ ಇರ್ಲಿ ಬಿಡ್ರಿ. ಹಡದಾಕಿ ನೋಡ್ಕೋತಾಳ" ಎಂದರು.

ಶಿವಲೀಲಾ ತಲೆ ಎತ್ತಲಿಲ್ಲ. ಅವಳೂ ನಂಬಿದ್ದಳು! ನನ್ನ ತಲೆ ಕೆಟ್ಟಿದ್ದು ಅಲ್ಲಿ.

"ಗ್ರಹಣದ ದಿನ ನಿಮ್ಮ ಮಗ ಏನ್ ಮಾಡಾಕತ್ತಿದ್ದ?"

"ಅಂವಾ ಏನ್ರಿ? ಒಣದ್ರಾಕ್ಷಿ ಶೆಡ್ಡಿನ ಜಾಳಗಿ ಹರದಿತ್ತು. ಹೊಲ್ಯಾಕತ್ತಿದ್ದ."

"ಏನ್ ತಗೊಂಡು?"

"ದಬ್ಬಳ ತಗೊಂಡ್ರಿ."

ನೋಡಿದಿರಾ? ಹೆಂಡತಿ ಬೆರಳುದ್ದದ ಸೂಜಿ ಹಿಡಿದದ್ದಕ್ಕೆ ಕೂಸಿನ ಬೆನ್ನು ಹರಿಯಿತು. ಗಂಡ ಗೇಣುದ್ದದ ದಬ್ಬಳ ಹಿಡಿದು ಹಗಲೆಲ್ಲ ಹೊಲಿದರೂ ಏನೂ ಆಗಲಿಲ್ಲ. ಹೇಳಿದರೆ, "ಗಂಡಸರಿಗೆ ಅದು ತಟ್ಟೂದಿಲ್ರಿ" ಎಂಬ ಉತ್ತರ. ಎಷ್ಟು ಅನುಕೂಲದ ಗ್ರಹಣ!

"ನಿಮ್ಮ ಚಂಚಿ ಕೊಡ್ರಿ ಇಲ್ಲಿ" ಎಂದೆ. (ಎಲೆ-ಅಡಿಕೆಯ ಆ ಚೀಲವನ್ನು ಅವರು ಯಾರ ಕೈಗೂ ಕೊಡುವವರಲ್ಲ. ನನ್ನ ದನಿ ಹಾಗಿತ್ತು, ಕೊಟ್ಟರು.) ಒಂದು ಎಲೆ ತೆಗೆದು ಅಂಗೈ ಮೇಲೆ ಹರವಿ, ಮಡಚುತ್ತ ಹೇಳಿದೆ.

ಮೊದಮೊದಲು ಕೂಸು ಎಂದರೆ ಜೀವಕೋಶಗಳ ಚಪ್ಪಟೆ ಹಾಳೆ, ಈ ಎಲೆಯ ಹಾಗೆ. ನಡುವೆ ತಗ್ಗು ಬೀಳುತ್ತದೆ. ಎರಡೂ ಅಂಚು ಮೇಲೇಳುತ್ತವೆ, ಒಂದರ ಕಡೆಗೊಂದು ಬಾಗುತ್ತವೆ, ಕೂಡಿ ಬೆಸೆದುಕೊಳ್ಳುತ್ತವೆ. ಹಾಳೆ ಹೋಗಿ ಕೊಳವೆಯಾಗುತ್ತದೆ. ಅದರ ಒಂದು ತುದಿ ಮುಂದೆ ಮಿದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಹಾಗಾದರೆ ಮಡಚುವ ಕೈ ಯಾವುದು? ಯಾವುದೂ ಇಲ್ಲ. ದಾರ ಜಗ್ಗಿದರೆ ಚಂಚಿಯ ಬಾಯಿ ಬಿಗಿಯುತ್ತದಲ್ಲ, ತಗ್ಗಿನ ಕೋಶಗಳು ತಮ್ಮ ಮೇಲಂಚನ್ನು ಹಾಗೆ ಬಿಗಿಯುತ್ತವೆ. ಹಾಳೆ ತಾನೇ ಬಾಗುತ್ತದೆ. ಎಲ್ಲೋ ಒಂದು ಕಡೆ ಅಂಚು ಕೂಡದೆ ಉಳಿಯಿತೋ, ಅಲ್ಲಿ ಬೆನ್ನು ತೆರೆದೇ ಇರುತ್ತದೆ.

"ಇಷ್ಟೂ ಮುಗಿಯೂದು ಯಾವಾಗ ಗೊತ್ತೇನ್ರಿ? ಬಸಿರ ನಿಂತ ನಾಕ ವಾರದಾಗ! ಮುಟ್ಟ ತಪ್ಪಿ ಹದಿನೈದ ದಿನ ಆಗಿರ್ತೈತಿ, ಅಷ್ಟ. ನಿಮ್ಮ ಗ್ರಹಣ ಬಂದಿದ್ದು ಏಳರಾಗ."

ಗೌರವ್ವ ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಹಂಗಾದ್ರ ತಪ್ಪ ಯಾರದ್ರಿ?"

"ಯಾರದೂ ಅಲ್ರಿ."

ಈ ಉತ್ತರ ಅವರಿಗೆ ಸೇರಲಿಲ್ಲ. ನಮ್ಮಲ್ಲಿ ಯಾರಿಗೆ ಸೇರುತ್ತದೆ ಹೇಳಿ? ಕೂಸಿಗೆ ಏನಾದರೂ ಆದರೆ ಒಬ್ಬ ಅಪರಾಧಿ ಸಿಗಲೇಬೇಕು, ಅವಳು ಸೀರೆ ಉಟ್ಟಿರಲೇಬೇಕು. ಏನು ತಿಂದಳು, ಎಲ್ಲಿ ಮಲಗಿದಳು, ಏನು ಹೊಲಿದಳು ಎಂದು ಹಡೆದವಳನ್ನು ಕೂರಿಸಿಕೊಂಡು ವಿಚಾರಣೆ. ಓದಿದವರ ಮನೆಯಲ್ಲೂ ಇದೇ ನಡೆಯುತ್ತದೆ, ವಿಜಯಪುರದ ನಮ್ಮ ಜೋರಾಪುರ ಪೇಟೆಯಲ್ಲೇ ನೋಡಿದ್ದೇನೆ. ಥೂ!

ಗೌರವ್ವ ಬಾಗಿ ಕೂಸಿನ ಕಾಲು ಸವರಿದರು. "ತೊಟ್ಟಲಕ್ಕ ಮಗನ್ನ ಕರಕೊಂಡ ಬರ್ತೇನ್ರಿ. ಇಬ್ಬರನ್ನೂ ಮನಿಗಿ ಒಯ್ತೇನಿ. ಆದ್ರ ಮಂದಿಗಿ ಏನ್ ಹೇಳ್ಲಿ?"

"ಎಲಿ ಮಡಚಿ ತೋರಸ್ರಿ" ಎಂದು ಎಲೆಯನ್ನು ಅವರ ಕೈಗಿಟ್ಟೆ. ಅವರು ಆ ಎಲೆಯನ್ನು ತಿನ್ನಲಿಲ್ಲ. ಹಾಗೇ ಚಂಚಿಯೊಳಗೆ ಇಟ್ಟುಕೊಂಡರು.

ಗೆದ್ದೆ ಅಂದುಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಶಿವಲೀಲಾ ಬಾಗಿಲ ತನಕ ಬಂದಳು.

"ಟೀಚರ್, ಇದನ್ನ ಸಾಲ್ಯಾಗ ಯಾಕ ಹೇಳಲಿಲ್ರಿ? ಹತ್ತನೇ ಕ್ಲಾಸಿನ್ಯಾಗ ಇದ್ದಾಗ ಸಂತಾನೋತ್ಪತ್ತಿ ಪಾಠ ಬಂತು. ನೀವು ಮನ್ಯಾಗ ಓದ್ಕೊಳ್ರಿ ಅಂದು ಮುಂದಿಂದು ಹಚ್ಚಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಹೌದು, ಅಂದಿದ್ದೆ. ಪ್ರತಿ ವರ್ಷ ಅಂದಿದ್ದೆ. ಹಿಂದಿನ ಬೆಂಚಿನ ಹುಡುಗರು ಕಿಸಕ್ ಎನ್ನುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ, ನನಗೆ ಮುಜುಗರ. ಪುಸ್ತಕದಲ್ಲಿ ಇದ್ದದ್ದೇ ಸ್ವಲ್ಪ. ಉಳಿದದ್ದನ್ನು ನಾನೇ ಹೇಳಬೇಕಿತ್ತು. ಆ ಕೊಳವೆ ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ಬೇಕು, ಆ ಗುಳಿಗೆ ಬಸಿರಾಗುವ ಮೊದಲೇ ಶುರುವಾಗಬೇಕು ಎಂದು ಎರಡು ಮಾತು. ಶಿವಲೀಲಾಳಿಗೆ ಅದು ಸಿಕ್ಕಿದ್ದು ಮೂರು ತಿಂಗಳು ತುಂಬಿದ ಮೇಲೆ, ಯಾಕೆಂದರೆ ಅಲ್ಲಿಯವರೆಗೆ ಬಸಿರಿನ ಸುದ್ದಿ ಬಾಯಿಬಿಡಬಾರದಂತೆ. ಮೊದಲೇ ತಗೊಂಡಿದ್ದರೆ ಈ ಕೂಸಿನ ಬೆನ್ನು ಮುಚ್ಚುತ್ತಿತ್ತೇ? ಖಂಡಿತ ಎನ್ನಲಾರೆ. ಇಲ್ಲ ಎಂದೂ ಎನ್ನಲಾರೆ.

ಬಸ್ಸಿನಲ್ಲಿ ವಿಜಯಪುರದವರೆಗೂ ಗೌರವ್ವನನ್ನು ಬೈಯಲು ನೋಡಿದೆ, ಆಗಲಿಲ್ಲ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸಂಬಳ ತೆಗೆದುಕೊಂಡು ಬೋರ್ಡಿನ ಮುಂದೆ ನಿಂತವಳು ನಾನು.

ಸೂಜಿ ಹಿಡಿದವಳನ್ನು ಇಷ್ಟೆಲ್ಲ ಕೇಳಿದೆವು, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತವಳನ್ನು ಯಾರು ಕೇಳಬೇಕು?