ಕಲಾಯಿ ಪಾತ್ರೆಯೊಳಗಿನ ಹಸಿರು

ವರದಿ ಕೈಗೆ ಬಂದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ನಾಲ್ಕು ವರ್ಷದ ಮೊಮ್ಮಗಳ ರಕ್ತದಲ್ಲಿ ಸೀಸ! ಹೋದ ವರ್ಷ ಭರಮಸಾಗರದ ಕೆರೆ ಏರಿಯ ಮೇಲೆ ನಿಂತು, ಹೋಗಿಬರುವವರ ಸೀರೆಗಳ ಬಣ್ಣವನ್ನೆಲ್ಲ ಪಟಪಟನೆ ಹೇಳಿದ್ದ ಹುಡುಗಿ ಈಗ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಮಾತೂ ಕಡಿಮೆಯಾಗಿತ್ತು. ಸೀಸ ಮನೆಯೊಳಗೇ ಎಲ್ಲೋ ಇದೆ, ಮೊದಲು ಅದನ್ನು ಹುಡುಕಿ ಎಂದರು ಡಾಕ್ಟರು.

ನಾನು ಹಿರಿಯೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸೀಸ ಪತ್ತೆ ಮಾಡುವುದನ್ನು ಎಷ್ಟು ಮಕ್ಕಳಿಗೆ ಬೈದು ಬೈದು ಬಾಯಿಪಾಠ ಮಾಡಿಸಿದ್ದೇನೋ!

ಮಗ ಆನ್‌ಲೈನಿನಲ್ಲಿ ಒಂದು ಸ್ಪ್ರೇ ಬಾಟಲಿ, ಒಂದು ನೇರಳಾತೀತ ಟಾರ್ಚು ತರಿಸಿದ. ಬಾಟಲಿಯಲ್ಲಿದ್ದುದು ಮೀಥೈಲ್ ಅಮೋನಿಯಂ ಬ್ರೋಮೈಡ್. ಸೀಸ ಸಿಕ್ಕರೆ ಅದರ ಜೊತೆ ಕೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗುತ್ತದೆ. ಟಾರ್ಚು ಬಿಟ್ಟರೆ ಆ ಹರಳುಗಳು ಹಸಿರಾಗಿ ಹೊಳೆಯುತ್ತವೆ.

ಮಟಮಟ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ನಾನು ಸಿಂಪಡಿಸಿದೆ, ಸೊಸೆ ಟಾರ್ಚು ಹಿಡಿದಳು. ಬಾಗಿಲಿನ ಬಣ್ಣ, ಆಟಿಕೆ, ಕುಂಕುಮದ ಭರಣಿ, ಎಲ್ಲೂ ಏನೂ ಇಲ್ಲ. ದೇವರೇ, ಎಲ್ಲಾದರೂ ಕಾಣಿಸು ಎಂದು ಬೇಡಿಕೊಂಡೆ.

"ಸಾರಿನ ಪಾತ್ರೆ ಒಂದು ಉಳಿದೈತೆ, ಅತ್ತೆ," ಎಂದಳು ಸೊಸೆ.

"ಲೇ, ಅದು ನಮ್ಮವ್ವನ ಹಿತ್ತಾಳೆ ಪಾತ್ರೆ ಕಣೆ! ಹೋದ ವರ್ಷ ನಾನೇ ನಿಂತು ಕಲಾಯಿ ಹಾಕ್ಸೀನಿ!" ಸ್ಟೀಲಿನಲ್ಲಿ ಮಾಡಿದ ಸಾರಿಗೆ ರುಚಿಯಿಲ್ಲವೆಂದು ಜಗಳವಾಡಿ, ಸೊಸೆಯ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿಸಿದವಳೂ ನಾನೇ.

"ಸಿಂಪಡಿಸ್ರಿ ಅತ್ತೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಸಿಂಪಡಿಸಿದೆ. ತಳದಿಂದ ಕಂಠದವರೆಗೂ ಹಸಿರು ಹೊಳೆಯಿತು.

ಕಲಾಯಿಗೆ ಬರೀ ತವರ ಹಾಕಬೇಕು. ಹಾಕಿದವನು ಅಗ್ಗಕ್ಕೆ ಸೀಸ ಬೆರೆಸಿದ್ದ. ಹುಣಸೆಹುಳಿ ಅದನ್ನು ದಿನಾ ಕರಗಿಸಿತ್ತು. ಹುಳಿ ಲೋಹವನ್ನು ಕರಗಿಸುತ್ತದೆ ಎಂದು ಊರ ಮಕ್ಕಳಿಗೆಲ್ಲ ಹೇಳಿಕೊಟ್ಟವಳು, ನನ್ನ ಕೈಯಾರೆ ಅನ್ನಕ್ಕೆ ಅದೇ ಸಾರು ಕಲಸಿ ಕಲಸಿ ಆ ಕೂಸಿಗೆ ತಿನ್ನಿಸಿದ್ದೆ. ನನ್ನ ಕೈ ಕಡಿದುಹಾಕಬೇಕು ಅನ್ನಿಸಿತು.

ಅಷ್ಟರಲ್ಲಿ ಮೊಮ್ಮಗಳು ಒಳಗೆ ಬಂದು ಪಾತ್ರೆಯೊಳಗೆ ಇಣುಕಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು.

"ಅಜ್ಜಿ, ಎಷ್ಟು ಚೆಂದ ಐತೆ!" ಎಂದವಳು ಮುಂದಿನ ಮಾತಿಗೆ ತಡಕಾಡಿ, ನನ್ನ ಮುಖ ನೋಡಿದಳು. "ಈ ಬಣ್ಣಕ್ಕೆ ಏನಂತಾರೆ ಅಜ್ಜಿ?"